ನಾಲ್ಕೂವರೆ ವರ್ಷದ ಮಗುವಿಗೆ ಹಳೆ ಲ್ಯಾಪ್‌ಟಾಪ್: ಯಾವ ಆಟ, ಎಲ್ಲಿಂದ ಶುರು?

ಮಲ್ಲಿಗೆಬಳ್ಳಿ:
ಮಗಳಿಗೆ ನಾಲ್ಕೂವರೆ, ಎಲ್‌ಕೆಜಿ. ಮನೆಯಲ್ಲಿ ವಿಂಡೋಸ್ 10 ಇರೋ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್. ನೆಟ್ ಇಲ್ಲದೆ ನಡೆಯೋ, ಜಾಹೀರಾತಿಲ್ಲದ ಆಟ ಬೇಕು. ಮೊಬೈಲ್ ರೂಢಿ, ಹಾಗಾಗಿ ಮೌಸ್ ಕೊಟ್ಟರೂ ಪರದೆಯನ್ನೇ ಮುಟ್ಟುತ್ತಾಳೆ. ಎರಡೇ ನಿಮಿಷಕ್ಕೆ ಏನೋ ಒತ್ತಿ ಆಟದಿಂದ ಆಚೆ ಬಂದಿರ್ತಾಳೆ. ಕನ್ನಡದಲ್ಲಿದ್ದರೆ ಇನ್ನೂ ಒಳ್ಳೇದು.

ಕಡಲೂರ ಪೆಂಗ್ವಿನ್:
ಜಿಕಾಂಪ್ರಿ ಹಾಕಿ. ಉಚಿತ, ಜಾಹೀರಾತಿಲ್ಲ, 2ರಿಂದ 10 ವರ್ಷದವರಿಗೆ ನೂರಕ್ಕಿಂತ ಹೆಚ್ಚು ಚಟುವಟಿಕೆಗಳಿವೆ. ಹುಡುಕುವಾಗ ಇಂಗ್ಲಿಷಿನಲ್ಲಿ ಜಿ-ಸಿ-ಓ-ಎಂ-ಪಿ-ಆರ್-ಐ-ಎಸ್ ಅಂತ ಬರೆಯಿರಿ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಬದಲು ಇರೋ ಲಿನಕ್ಸ್‌ನಲ್ಲೂ ಇದೇ ಇರೋದು.

ಎಲ್ಲವನ್ನೂ ಒಟ್ಟಿಗೆ ತೋರಿಸಬೇಡಿ. ಮಟ್ಟಕ್ಕೆ ನಕ್ಷತ್ರಗಳಿವೆ: ಮೊದಲ ಮೂರು ಹಂತ 2–6 ವರ್ಷಕ್ಕೆ, ಮುಂದಿನ ಮೂರು 7 ದಾಟಿದವರಿಗೆ. ಸೆಟ್ಟಿಂಗ್ಸ್‌ನಲ್ಲಿ 1ರಿಂದ 2ಕ್ಕೆ ಮಿತಿಗೊಳಿಸಿ.

ಮೌಸ್ ಕಷ್ಟ ಯಾಕೆ ಅಂದ್ರೆ ಕೈ ಮೇಜಿನ ಮೇಲೆ, ಕಣ್ಣು ಪರದೆ ಮೇಲೆ. ಮೊಬೈಲ್‌ನಲ್ಲಿ ಎರಡೂ ಒಂದೇ ಕಡೆ. ಹಾಗಾಗಿ ಅಕ್ಷರ, ಲೆಕ್ಕ ಎಲ್ಲ ಆಮೇಲೆ. ಚಿತ್ರದ ಮೇಲಿನ ಚೌಕಗಳನ್ನು ಅಳಿಸೋ ಆಟ ಮೊದಲು. ಇದರಲ್ಲಿ ಮೂರು ಬಗೆ ಇವೆ: ಒಂದರಲ್ಲಿ ಪಾಯಿಂಟರ್ ಆಡಿಸಿದರೆ ಸಾಕು, ಚೌಕ ಮಾಯವಾಗಿ ಒಳಗಿನ ಚಿತ್ರ ಕಾಣುತ್ತೆ, ಇನ್ನೊಂದಕ್ಕೆ ಕ್ಲಿಕ್ ಬೇಕು, ಮತ್ತೊಂದಕ್ಕೆ ಡಬಲ್ ಕ್ಲಿಕ್. ಇದೇ ಕ್ರಮದಲ್ಲಿ ಹೋಗಿ. ಡಬಲ್ ಕ್ಲಿಕ್ ಈ ವಯಸ್ಸಿಗೆ ನಿಜಕ್ಕೂ ಕಷ್ಟ. ಎರಡು ಒತ್ತಿನ ನಡುವೆ ಮೌಸ್ ಜರುಗಿಬಿಡುತ್ತೆ.

ಟಿಕ್_ತೆಗೀರಿ:
ಆಟದಿಂದ ಆಚೆ ಬರೋದಕ್ಕೆ ಕಾರಣ ಸಾಮಾನ್ಯವಾಗಿ ಮೂರು.

ವಿಂಡೋಸ್ ಕೀ ಒತ್ತಿದರೆ ಸ್ಟಾರ್ಟ್ ಮೆನು ಎದ್ದು ಬರುತ್ತೆ. ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ಕೀಬೋರ್ಡ್ ಮ್ಯಾನೇಜರ್‌ನಲ್ಲಿ ಆ ಕೀಗೆ ‘ಡಿಸೇಬಲ್’ ಕೊಡಿ. ಪವರ್‌ಟಾಯ್ಸ್ ಹಿನ್ನೆಲೆಯಲ್ಲಿ ಓಡ್ತಾ ಇದ್ದರೆ ಮಾತ್ರ ಇದು ಕೆಲಸ ಮಾಡೋದು.

ಶಿಫ್ಟ್ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ (ಕೀಗಳನ್ನು ಒಟ್ಟಿಗೆ ಒತ್ತೋ ಬದಲು ಒಂದೊಂದಾಗಿ ಒತ್ತೋ ಸೌಲಭ್ಯ) ಆನ್ ಮಾಡಬೇಕಾ ಅಂತ ಕೇಳುತ್ತೆ. ಸೆಟ್ಟಿಂಗ್ಸ್ > ಈಸ್ ಆಫ್ ಆ್ಯಕ್ಸೆಸ್ > ಕೀಬೋರ್ಡ್‌ನಲ್ಲಿ ಅದರ ಶಾರ್ಟ್‌ಕಟ್ ತೆಗೆಯಿರಿ. ಬಲಗಡೆ ಶಿಫ್ಟ್ ಎಂಟು ಸೆಕೆಂಡ್ ಅದುಮಿ ಹಿಡಿದರೆ ಫಿಲ್ಟರ್ ಕೀಸ್ (ಪದೇ ಪದೇ ಒತ್ತಿದ್ದನ್ನು ಲೆಕ್ಕಿಸದ ಸೌಲಭ್ಯ) ಬರುತ್ತೆ, ಅದನ್ನೂ ಅಲ್ಲೇ ತೆಗೀರಿ.

ಟಚ್‌ಪ್ಯಾಡ್‌ಗೆ ಅಂಗೈ ತಾಗಿ ಪಾಯಿಂಟರ್ ಹಾರುತ್ತೆ. ಡಿವೈಸಸ್ > ಟಚ್‌ಪ್ಯಾಡ್‌ಗೆ ಹೋಗಿ, ಮೌಸ್ ಚುಚ್ಚಿದಾಗಲೂ ಟಚ್‌ಪ್ಯಾಡ್ ಆನ್ ಇರಲಿ ಅನ್ನೋದರ ಟಿಕ್ ತೆಗೀರಿ.

ಮೌಸ್ ಚಿಕ್ಕದಿರಲಿ, ವೈರ್ ಇರೋದೇ ಸಾಕು. ಪಾಯಿಂಟರ್ ವೇಗ ತಗ್ಗಿಸಿ, ಗಾತ್ರ ದೊಡ್ಡದು ಮಾಡಿ. ಫೈಲ್ ಎಕ್ಸ್‌ಪ್ಲೋರರ್ ಆಪ್ಷನ್ಸ್‌ನಲ್ಲಿ ಸಿಂಗಲ್ ಕ್ಲಿಕ್‌ಗೆ ತೆರೆಯೋ ಹಾಗೆ ಇಟ್ಟರೆ ಆಟದ ಐಕಾನ್ ಅವಳೇ ತೆರೀಬಹುದು. ಕಾಲು ನೇತಾಡ್ತಿದ್ದರೆ ಕೆಳಗೊಂದು ಮಣೆ ಇಡಿ. ಅವಳಿಗೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್ (ಅಡ್ಮಿನ್ ಅಧಿಕಾರ ಇಲ್ಲದ್ದು) ಮಾಡೋದು ಮರೀಬೇಡಿ.

ಬಣ್ಣದ ಬುಗುರಿ:
ಕನ್ನಡ ಬೇಕಂದ್ರೆ ಟಕ್ಸ್ ಪೇಂಟ್, ಮಕ್ಕಳು ಚಿತ್ರ ಬಿಡಿಸೋ ಉಚಿತ ಸಾಫ್ಟ್‌ವೇರ್. ಜತೆಗೆ ಬರೋ ಟಕ್ಸ್ ಪೇಂಟ್ ಕಾನ್ಫಿಗ್‌ನಲ್ಲಿ ಭಾಷೆ ಕನ್ನಡ ಅಂತ ಆರಿಸಿ. ಅಲ್ಲೇ ಫುಲ್‌ಸ್ಕ್ರೀನ್ ಹಾಕಿ, ಪ್ರಿಂಟ್ ಬಂದ್ ಮಾಡಿ (ಇಲ್ಲಾಂದ್ರೆ ಇಂಕ್ ಖಾಲಿ!), ಕ್ವಿಟ್ ಬಟನ್ ತೆಗೀರಿ. ಆಮೇಲೆ ಎಸ್ಕೇಪ್ ಒತ್ತಿದರೂ ಮುಚ್ಚಲ್ಲ. ನೀವು ಆಲ್ಟ್+ಎಫ್4 ಒತ್ತಿ ಮುಚ್ಚಬಹುದು.

ಸೇವ್ ಒತ್ತಿದಾಗ ಹಳೇದರ ಮೇಲೆ ಬರೀಬೇಕಾ ಅಂತ ಕೇಳುತ್ತೆ, ಓದಲು ಬಾರದ ಮಗು ಅಲ್ಲೇ ನಿಂತುಬಿಡುತ್ತೆ. ಯಾವಾಗಲೂ ಹೊಸ ಚಿತ್ರವಾಗಿ ಉಳಿಸೋ ಆಯ್ಕೆ ಹಾಕಿ. ಸಹಜವಾಗಿ ಮೌಸಿನ ಎಡಗಡೆ ಬಟನ್ ಮಾತ್ರ ಕೆಲಸ ಮಾಡುತ್ತೆ. ಬೆರಳು ತಪ್ಪುತ್ತಿದ್ದರೆ ಯಾವ ಬಟನ್ ಒತ್ತಿದರೂ ನಡೆಯೋ ಹಾಗೆ ಮಾಡಬಹುದು, ಆದರೆ ಅದು ತಾತ್ಕಾಲಿಕವಾಗಿರಲಿ. ಎಡ-ಬಲ ಗೊತ್ತಾಗೋದು ಈಗಲೇ. ಸ್ಟ್ಯಾಂಪ್ ಚಿತ್ರಗಳಿಗೆ ಬೇರೆ ಇನ್‌ಸ್ಟಾಲರ್ ಇದೆ, ಅದಿಲ್ಲದೆ ಸ್ಟ್ಯಾಂಪ್ ಬಟನ್ ಮಸುಕಾಗಿರುತ್ತೆ, ಒತ್ತಿದರೂ ಕೆಲಸ ಮಾಡಲ್ಲ.

ಮಲ್ಲಿಗೆಬಳ್ಳಿ:
ಎಲ್ಲರಿಗೂ ಥ್ಯಾಂಕ್ಸ್. ಜಿಕಾಂಪ್ರಿ ತೆರೆದರೆ ಬರೀ ಬಿಳಿ ಪರದೆ?

ಕಡಲೂರ ಪೆಂಗ್ವಿನ್:
ಹಳೆ ಗ್ರಾಫಿಕ್ಸ್ ಡ್ರೈವರ್ ಇರಬೇಕು. ಸ್ಟಾರ್ಟ್ ಮೆನುವಿನಲ್ಲಿ ಜಿಕಾಂಪ್ರಿಯದೇ ‘ಸೇಫ್ ಮೋಡ್’ ಇರುತ್ತೆ, ಅದರಿಂದ ತೆರೀರಿ. ಸ್ವಲ್ಪ ನಿಧಾನ, ಈ ಆಟಗಳಿಗೆ ಅಡ್ಡಿಯಿಲ್ಲ.

ಸಮಯದ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ, ಅದರಲ್ಲಿ ಟಿವಿ, ಮೊಬೈಲ್ ಎಲ್ಲ ಸೇರಿತು. ಕಂಪ್ಯೂಟರಿಗೆ ಹದಿನೈದು ನಿಮಿಷ ಧಾರಾಳ. ಮೌಸನ್ನ ಮೇಲೆತ್ತಿ ಅಲ್ಲಾಡಿಸೋಕೆ ಶುರು ಮಾಡಿದರೆ ಕೈ ದಣಿದಿದೆ ಅಂತ ತಿಳ್ಕೊಂಡು, ಟೈಮ್ ಉಳಿದಿದ್ದರೂ ನಿಲ್ಲಿಸಿ.