ಸಹಾಯ ಬೇಕು: ಆರ್ಕೇಡ್ ಪೆಟ್ಟಿಗೆ ಮೇಲೆ ‘ಮೇಮ್’ ಲೋಗೋ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ಹಳೇ ಆರ್ಕೇಡ್ ಆಟಗಳ (ನಾಣ್ಯ ಹಾಕಿ ಆಡ್ತಿದ್ದ ವಿಡಿಯೋ ಗೇಮ್) ಪೆಟ್ಟಿಗೆ ಕಟ್ಟೋದು ನನ್ನ ಹವ್ಯಾಸ. ಪ್ಲೈವುಡ್ಡು, ಜಾಯ್‌ಸ್ಟಿಕ್ಕು, ಒಳಗೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರು, ಅದರಲ್ಲಿ ಹಳೇ ಆರ್ಕೇಡ್ ಆಟಗಳನ್ನ ನಡೆಸೋ ಮೇಮ್ (MAME) ತಂತ್ರಾಂಶ. ಈಗ ಇಬ್ಬರು ಗೆಳೆಯರು ದುಡ್ಡು ಕೊಟ್ಟು ತಗೋತೀವಿ ಅಂತಿದ್ದಾರೆ. ಆಟದ ROM ಫೈಲ್ (ಆಟದ ಪ್ರತಿ) ಒಂದೂ ಕೊಡಲ್ಲ, ಅದು ಸ್ಪಷ್ಟ. ಗೊಂದಲ ಇರೋದು ಹೆಸರಿನದು.

ಮೇಮ್ 1997ರಿಂದ ಇದೆ. 2016ರಲ್ಲಿ ಅದರ ಕೋಡ್ ಜಿಪಿಎಲ್ ಅನ್ನೋ ಮುಕ್ತ ತಂತ್ರಾಂಶ ಪರವಾನಗಿ ಅಡಿ ಮುಕ್ತವಾಯ್ತು, ಆದರೆ ಹೆಸರು, ಲೋಗೋ ಮುಕ್ತ ಅಲ್ಲ. ಅವು ನೋಂದಾಯಿತ ಟ್ರೇಡ್‌ಮಾರ್ಕ್, ಬಳಸೋಕೆ ಅನುಮತಿ ಬೇಕು ಅಂತ ಮೇಮ್ ತಂಡದವರೇ ಬರೆದಿದ್ದಾರೆ. ನನಗೆ ಇದು ನ್ಯಾಯ ಅನ್ಸುತ್ತೆ. 2005ರಲ್ಲಿ ಆರ್ಕೇಡ್ ಯಂತ್ರ ಮಾಡ್ತಿದ್ದ ಅಮೆರಿಕದ ಅಲ್ಟ್ರಾಕೇಡ್ ಕಂಪನಿ ಕಡೆಯಿಂದ ಇದೇ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಬಿದ್ದಿತ್ತು. ಕಟ್ಟಿದವರು ಯಾರೋ, ಹೆಸರು ಬರೆಸಿಕೊಳ್ಳೋರು ಇನ್ಯಾರೋ! ಹವ್ಯಾಸಿಗಳು ಸಿಡಿದೆದ್ದರು, ಅರ್ಜಿ ದಡ ಸೇರಲಿಲ್ಲ.

ಹಾಗಾಗಿ ಲೋಗೋ ಕೈಬಿಡೋಕೆ ಸಿದ್ಧ. ಆದರೆ ‘ಇದರಲ್ಲಿ ಮೇಮ್ ನಡೆಯುತ್ತೆ’ ಅಂತ ಸಾದಾ ಅಕ್ಷರದಲ್ಲಿ ಬರೆದರೂ ತಪ್ಪಾ? ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಕಲಂ (ಟ್ರೇಡ್‌ಮಾರ್ಕ್ ಹಕ್ಕಿಗೆ ಮಿತಿ ಹಾಕೋದು) ಇಂಥದ್ದಕ್ಕೆ ಅನ್ವಯಿಸುತ್ತಾ? ಮೇಮ್‌ನವರ ಅಮೆರಿಕದ ನೋಂದಣಿ ಇಲ್ಲಿ ಎಷ್ಟು ಲೆಕ್ಕಕ್ಕೆ ಬರುತ್ತೆ? ಗುಂಪಿನಲ್ಲಿ ವಕೀಲರು ಇದ್ದರೆ, ಅಥವಾ ಅನುಮತಿ ಕೇಳಿ ಪಡೆದವರಿದ್ದರೆ, ದಯವಿಟ್ಟು ತಿಳಿಸಿ. ಪೆಟ್ಟಿಗೆಯ ಹೆಸರಿನ ಬೋರ್ಡ್ ಪ್ರಿಂಟಿಗೆ ಕೊಡೋದು ಮುಂದಿನ ವಾರ.