ಹೊಸ ರ‍್ಯಾಲಿ ತಂಡ: ಮೊದಲ ಎರಡು ಸೀಸನ್‌ನಲ್ಲಿ ದುಡ್ಡು, ದುಡಿಮೆ ಯಾವುದಕ್ಕೆ ಹಾಕಬೇಕು?

ಜಲ್ಲಿದಾರಿ:
ನಾಲ್ಕು ಜನರ ಹೊಸ ತಂಡ ನಮ್ಮದು: ಡ್ರೈವರ್, ಕೋ-ಡ್ರೈವರ್, ಇಬ್ಬರು ಮೆಕ್ಯಾನಿಕ್. ಕಾರು 1600 ಸಿಸಿ, ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್. ಸೀಟು, ಕಾರ್ಪೆಟ್, ವೈರಿಂಗ್ ಎಲ್ಲ ಬಿಚ್ಚಿ ಖಾಲಿ ಶೆಲ್ (ಬರಿ ಲೋಹದ ಬಾಡಿ) ಮಾಡಿಟ್ಟಿದ್ದೇವೆ. ಓಡಿಸುವುದೆಲ್ಲ ಜಲ್ಲಿ, ಮಣ್ಣಿನ ಸ್ಟೇಜ್‌ಗಳಲ್ಲೇ (ಸಮಯ ಅಳೆದು ಓಡಿಸುವ ದಾರಿಗಳು).

ಕೇಳಬೇಕಿರುವುದು ಇಷ್ಟು. ಶೆಲ್ ಮತ್ತು ಕೇಜ್ (ಕಾರು ಉರುಳಿದರೆ ಒಳಗಿನವರನ್ನು ಕಾಯುವ ಕೊಳವೆ ಚೌಕಟ್ಟು) ಕೆಲಸ ಯಾವ ಕ್ರಮದಲ್ಲಿ ಮಾಡಬೇಕು? ಎಂಜಿನ್‌ಗೆ ಈಗಲೇ ಕೈ ಹಾಕುವುದೋ, ಎರಡನೇ ವರ್ಷಕ್ಕೆ ಬಿಡುವುದೋ? ಸರ್ವಿಸ್ ವ್ಯಾನ್‌ನಲ್ಲಿ ಯಾವ ಬಿಡಿಭಾಗ ಇರಲೇಬೇಕು? ಸ್ಟೇಜ್‌ಗಳ ನಡುವೆ ಸಿಗುವ 30 ನಿಮಿಷದ ಸರ್ವಿಸ್‌ನಲ್ಲಿ ಇಬ್ಬರೇ ಮೆಕ್ಯಾನಿಕ್‌ಗಳಿಂದ ಎಷ್ಟು ಕೆಲಸ ಆಗುತ್ತದೆ?

ವೆಲ್ಡರ್45:
ಶೆಲ್ ವಿಷಯ ನಾನು ಹೇಳುತ್ತೇನೆ. ಮೊದಲು ಅಡಿಯ ಅಂಡರ್‌ಸೀಲ್, ಜಾಯಿಂಟ್‌ಗಳ ಸೀಲರ್ ಪೂರ್ತಿ ಕೆರೆದು ಬರಿ ಲೋಹ ಕಾಣುವಂತೆ ಮಾಡಿ. ಆಮೇಲೆ ಸ್ಟ್ರಟ್ ಟವರ್, ಕಂಟ್ರೋಲ್ ಆರ್ಮ್ ಕೂರುವ ಜಾಗ, ಬಾಗಿಲ ಚೌಕಟ್ಟು, ಇಲ್ಲೆಲ್ಲ ಸ್ಟಿಚ್ ವೆಲ್ಡ್: 25 ಮಿಮೀ ಬೀಡ್, 50 ಮಿಮೀ ಬಿಡುವು. ಒಂದೇ ಕಡೆ ಸಾಲಾಗಿ ಎಳೆಯಬೇಡಿ, ಶಾಖಕ್ಕೆ ಶೆಲ್ ಸೊಟ್ಟಗಾಗುತ್ತದೆ. ಎಡಕ್ಕೊಂದು ಬೀಡ್, ಬಲಕ್ಕೊಂದು ಬೀಡ್ ಹಾಕುತ್ತಾ ತಣಿಯಲು ಬಿಡಿ.

ಕೇಜ್‌ಗೆ ಎಫ್‌ಐಎ (ವಿಶ್ವ ಮೋಟಾರು ಕ್ರೀಡಾ ಸಂಸ್ಥೆ) ನಿಯಮಗಳ ಅಪೆಂಡಿಕ್ಸ್ ಜೆ, ಆರ್ಟಿಕಲ್ 253 ಓದಿ. ಮುಖ್ಯ ಹೂಪ್‌ಗೆ (ಸೀಟಿನ ಹಿಂದೆ ನಿಲ್ಲುವ ಕಮಾನು) ವ್ಯಾಸ × ದಪ್ಪ 45 × 2.5 ಅಥವಾ 50 × 2.0 ಮಿಮೀ, ಉಳಿದ ಕೊಳವೆಗಳಿಗೆ 38 × 2.5 ಅಥವಾ 40 × 2.0. ಕೋಲ್ಡ್ ಡ್ರಾನ್ ಸೀಮ್‌ಲೆಸ್ ಕಾರ್ಬನ್ ಸ್ಟೀಲ್ ಆಗಿರಬೇಕು, ಕರ್ಷಣ ಬಲ ಕನಿಷ್ಠ 350 ಮೆಗಾಪ್ಯಾಸ್ಕಲ್. ಮುಖ್ಯ ಹೂಪ್‌ನ ಪಾದ ಕೂರುವಲ್ಲಿ ಕನಿಷ್ಠ 3 ಮಿಮೀ ದಪ್ಪ, 120 ಚದರ ಸೆಂಮೀ ವಿಸ್ತಾರದ ಪ್ಲೇಟ್. ಬೋಲ್ಟ್ ಹಾಕುವುದಾದರೆ ಪಾದಕ್ಕೆ ಮೂರಾದರೂ ಎಂ8, 8.8 ದರ್ಜೆ. ಇದರ ಮೇಲೆ ನಿಮ್ಮ ರಾಷ್ಟ್ರೀಯ ಫೆಡರೇಷನ್‌ನ ನಿಯಮ ಬೇರೆ ಇರಬಹುದು, ಪೈಪ್ ಕತ್ತರಿಸುವ ಮುಂಚೆಯೇ ನೋಡಿಕೊಳ್ಳಿ.

ಬಹುತೇಕ ಕೇಜ್‌ಗಳು ಕೆಡುವುದು ಛಾವಣಿಯ ಹತ್ತಿರ. ಕೊಳವೆ ಛಾವಣಿಗೆ ಅಂಟಿಕೊಂಡಿರುವುದರಿಂದ ಜಾಯಿಂಟ್‌ನ ಮೇಲ್ಭಾಗಕ್ಕೆ ಟಾರ್ಚ್ ಹೋಗುವುದಿಲ್ಲ, ಅರ್ಧ ಸುತ್ತು ವೆಲ್ಡ್ ಮಾಡಿ ಬಿಟ್ಟುಬಿಡುತ್ತಾರೆ. ಉರುಳಿದಾಗ ಮೊದಲು ಬಿರಿಯುವುದು ಅದೇ ಜಾಯಿಂಟ್. ದಾರಿ ಇದೆ: ಪಾದಗಳ ಕೆಳಗೆ ನೆಲದಲ್ಲಿ ರಂಧ್ರ ಕೊರೆದು, ಟ್ಯಾಕ್ ಹಾಕಿದ (ಚುಕ್ಕಿ ವೆಲ್ಡ್‌ನಿಂದ ತಾತ್ಕಾಲಿಕವಾಗಿ ಹಿಡಿಸಿದ) ಕೇಜನ್ನು ಅದರೊಳಗೆ ಕೆಳಗಿಳಿಸಿ, ಮೇಲಿನ ಜಾಯಿಂಟ್‌ಗಳಿಗೆ ಪೂರ್ತಿ ಸುತ್ತು ವೆಲ್ಡ್ ಮಾಡಿ, ಮತ್ತೆ ಎತ್ತಿ ಪಾದದಡಿ ಪ್ಲೇಟ್ ಕೂರಿಸಿ. ಟ್ಯಾಕ್ ಹಂತದಲ್ಲೇ ಇಬ್ಬರೂ ಹೆಲ್ಮೆಟ್ ಹಾಕಿ ಸೀಟಿನಲ್ಲಿ ಕುಳಿತು, ತಲೆಗೂ ಕೊಳವೆಗೂ ಎಷ್ಟು ಅಂತರ ಇದೆ ನೋಡಿ. ಬಣ್ಣ ಹಚ್ಚುವ ಮುನ್ನ ಸ್ಕ್ರೂಟಿನಿಯರ್‌ಗೆ (ಕಾರು ತಪಾಸಣೆಯ ಅಧಿಕಾರಿ) ತೋರಿಸಿ. ಬಣ್ಣ ಬಿದ್ದ ಮೇಲೆ ವೆಲ್ಡ್ ಪರೀಕ್ಷಿಸುವುದು ಕಷ್ಟ.

ಮೇನ್ ಕಟ್-ಆಫ್ ಸ್ವಿಚ್ ಬಗ್ಗೆ ಒಂದು ಮಾತು. ಬ್ಯಾಟರಿ ತಂತಿಯನ್ನಷ್ಟೇ ಕಡಿಯುವ ಸ್ವಿಚ್ ಹಾಕಿದರೆ ಆಲ್ಟರ್ನೇಟರ್ ಕರೆಂಟ್‌ನಿಂದ ಎಂಜಿನ್ ಓಡುತ್ತಲೇ ಇರುತ್ತದೆ, ಸ್ಕ್ರೂಟಿನಿಯಲ್ಲಿ ಪಾಸಾಗುವುದಿಲ್ಲ. ಆರು ಟರ್ಮಿನಲ್‌ನ ಸ್ವಿಚ್ ತಂದು ಇಗ್ನಿಷನ್ನನ್ನೂ ಅದರ ಮೂಲಕ ಹಾಯಿಸಿ, ಜೊತೆಗೆ ಬರುವ ರೆಸಿಸ್ಟರ್ ಜೋಡಿಸಿ. ಆಲ್ಟರ್ನೇಟರ್‌ನ ಉಳಿದ ಕರೆಂಟ್ ಅದರ ಮೂಲಕ ಇಳಿದುಹೋಗುತ್ತದೆ, ಡಯೋಡ್ ಸುಡುವುದಿಲ್ಲ.

ಸರ್ವಿಸ್_ಟೆಂಟು:
ಎಂಜಿನ್ ಮುಟ್ಟಬೇಡಿ. ಲೆಕ್ಕ ಹಾಕಿ ನೋಡಿ: ಟ್ಯೂನಿಂಗ್‌ನಿಂದ ಕಿಮೀಗೆ ಅರ್ಧ ಸೆಕೆಂಡ್ ಉಳಿಯಿತು ಅಂತಿಟ್ಟುಕೊಳ್ಳೋಣ, 100 ಕಿಮೀ ಸ್ಟೇಜ್‌ಗೆ 50 ಸೆಕೆಂಡ್. ಸ್ಟೇಜ್ ಮಧ್ಯೆ ನಿಂತು ಒಂದು ಚಕ್ರ ಬದಲಿಸಿದರೆ ಎರಡು ನಿಮಿಷಕ್ಕಿಂತ ಹೆಚ್ಚು ಹೋಗುತ್ತೆ. ಡ್ರೈವ್‌ಶಾಫ್ಟ್ ಮುರಿದರೆ ಆ ದಿನವೇ ಹೋಯಿತು. ಸ್ಟಾಕ್ ಎಂಜಿನ್‌ಗೆ ಗಟ್ಟಿ ಮೌಂಟ್, ಸಂಪ್‌ನಲ್ಲಿ (ಎಂಜಿನ್ ಅಡಿಯ ಎಣ್ಣೆ ತೊಟ್ಟಿ) ಎಣ್ಣೆ ತುಳುಕದಂತೆ ಬ್ಯಾಫಲ್, ಧೂಳು ನುಗ್ಗದ ಏರ್‌ಬಾಕ್ಸ್, ಒಳ್ಳೆ ರೇಡಿಯೇಟರ್. ಅಷ್ಟು ಸಾಕು. ಉಳಿದ ದುಡ್ಡು ಡ್ಯಾಂಪರ್‌ಗೆ, ಟೈರ್‌ಗೆ, ಬಿಡಿಭಾಗಕ್ಕೆ.

ದೊಡ್ಡ ತಂಡಗಳು ಶುರುವಾದ ರೀತಿಯನ್ನೂ ನೋಡಿ. ಡೇವಿಡ್ ರಿಚರ್ಡ್ಸ್‌ ಅವರ ಪ್ರೊಡ್ರೈವ್ 1984ರಲ್ಲಿ ಹೊರಟಾಗ ಕೈಯಲ್ಲಿದ್ದದ್ದು ಪೋರ್ಷೆ ಕಟ್ಟಿಕೊಟ್ಟ 911 ಎಸ್‌ಸಿ ಆರ್‌ಎಸ್, ರಾಥ್‌ಮನ್ಸ್ ಪ್ರಾಯೋಜಕತ್ವ. ಆ ಕಾರಿನಲ್ಲೇ ಮಧ್ಯಪ್ರಾಚ್ಯದ ಚಾಂಪಿಯನ್‌ಶಿಪ್ ಗೆದ್ದರು. ಪ್ರೊಡ್ರೈವ್ ತಯಾರಿಸಿದ ಸುಬಾರು ಲೆಗಸಿ ಕಾರು ರ‍್ಯಾಲಿಗೆ ಬಂದದ್ದು 1990ರಲ್ಲಿ, ಅದಕ್ಕೆ ಮೊದಲ ವಿಶ್ವ ರ‍್ಯಾಲಿ ಗೆಲುವು ಸಿಕ್ಕಿದ್ದು 1993ರ ನ್ಯೂಜಿಲೆಂಡ್‌ನಲ್ಲಿ, ಕಾಲಿನ್ ಮ್ಯಾಕ್ರೇ ಕೈಯಲ್ಲಿ. ಮೊದಲ ವರ್ಷಗಳಲ್ಲಿ ಕಲಿಯಬೇಕಾದ್ದು ಕಾರನ್ನು ನಡೆಸುವ ಕೆಲಸ, ಕಾರನ್ನು ಹುಟ್ಟುಹಾಕುವ ಕೆಲಸ ಅಲ್ಲ.

ಸಂಪ್ ಗಾರ್ಡ್: 6 ಮಿಮೀ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ, ಸಂಪ್‌ಗೂ ಗಾರ್ಡ್‌ಗೂ ಮಧ್ಯೆ 25 ಮಿಮೀ ಜಾಗ. ಜಾಗ ಕಡಿಮೆ ಆದರೆ ಕಲ್ಲು ಹೊಡೆದಾಗ ಗಾರ್ಡ್ ಮಣಿದು ಸಂಪ್ ಒಡೆಯುತ್ತೆ, ಗಾರ್ಡ್ ಹಾಕಿಯೂ ಪ್ರಯೋಜನ ಇಲ್ಲ. ಆ ಸಂದಿಯಲ್ಲಿ ಕೆಸರು ಮೆತ್ತಿ ಒಣಗಿದರೆ ಎಣ್ಣೆ ಬಿಸಿ ಏರುತ್ತೆ. ಪ್ರತಿ ಸರ್ವಿಸ್‌ನಲ್ಲೂ ಕೆರೆದು ತೆಗೆಯಿರಿ.

30 ನಿಮಿಷದ ಮಾತಿಗೆ ಬರ್ತೀನಿ. ಕಾರು ಬರುವ ಮೊದಲೇ ಟಾರ್ಪಾಲಿನ್ ಹಾಸಿ, ಸ್ಟ್ಯಾಂಡ್ ಇಟ್ಟು, ಕೋ-ಡ್ರೈವರ್ ಸ್ಟೇಜ್ ಮುಗಿದ ಕೂಡಲೇ ಕಳಿಸಿದ ಕೆಲಸದ ಪಟ್ಟಿ ಕೈಯಲ್ಲಿರಬೇಕು. ಎರಡನೇ ನಿಮಿಷಕ್ಕೆ ಕಾರು ಸ್ಟ್ಯಾಂಡ್ ಮೇಲೆ, ನಾಲ್ಕೂ ಚಕ್ರ ಬಿಚ್ಚಿ ಕೆಳಗೆ. ಮುಂದಿನ ಮೂರು ನಿಮಿಷ ಬರೀ ನೋಡೋದು: ಬಾಲ್ ಜಾಯಿಂಟ್, ಸಿವಿ ಬೂಟ್ (ಡ್ರೈವ್‌ಶಾಫ್ಟ್ ಜಾಯಿಂಟ್‌ನ ರಬ್ಬರ್ ಹೊದಿಕೆ), ಡ್ಯಾಂಪರ್ ಸೋರಿಕೆ, ಪ್ಯಾಡ್ ದಪ್ಪ, ಬ್ರೇಕ್ ಹೋಸ್ ಎಲ್ಲಾದರೂ ಉಜ್ಜಿದೆಯಾ. ಒಬ್ಬರು ಎಡ, ಒಬ್ಬರು ಬಲ, ನಡುವೆ ಬದಲಾಯಿಸಬೇಡಿ. 20ನೇ ನಿಮಿಷದ ಮೇಲೆ ಯಾವ ಹೊಸ ಕೆಲಸವನ್ನೂ ಬಿಚ್ಚಬಾರದು. 24ಕ್ಕೆ ಚಕ್ರ, ನಟ್ ಮೊದಲ ಸುತ್ತುಗಳು ಕೈಯಲ್ಲೇ. ಕಾರು ನೆಲಕ್ಕಿಳಿದ ಮೇಲೆ ಟಾರ್ಕ್ ರೆಂಚ್, ತಯಾರಕರು ಹೇಳಿದ ಅಂಕಿಗೆ. ಪೆಟ್ರೋಲ್ ಸರ್ವಿಸ್ ಪಾರ್ಕ್‌ನಲ್ಲಿ ಹಾಕುವಂತಿಲ್ಲ, ಅದಕ್ಕೆ ಬೇರೆ ವಲಯ ಇರುತ್ತೆ.

ಇಬ್ಬರೇ ಇದ್ದಾಗ ಕೈಹಿಡಿಯೋದು ಮೊದಲೇ ಜೋಡಿಸಿಟ್ಟ ಮೂಲೆ. ಸ್ಟ್ರಟ್, ಅಪ್‌ರೈಟ್, ಹಬ್, ಬೇರಿಂಗ್, ಡಿಸ್ಕ್ ಎಲ್ಲ ಒಂದೇ ತುಂಡಾಗಿ ಎಡಕ್ಕೊಂದು, ಬಲಕ್ಕೊಂದು ರೆಡಿ ಇಡಿ. ಬೇರಿಂಗ್ ಒತ್ತಿ ತೆಗೆಯೋಕೆ ಪ್ರೆಸ್ ಬೇಕು, ಸರ್ವಿಸ್‌ನಲ್ಲಿ ಅದು ಆಗದ ಮಾತು. ಇಡೀ ಮೂಲೆ ಬದಲಿಸೋದು ಆಗುತ್ತೆ. ಡ್ರೈವ್‌ಶಾಫ್ಟ್ ಕೂಡ ಗ್ರೀಸ್ ತುಂಬಿ, ಬೂಟ್ ಬಿಗಿದು ಇಟ್ಟಿರಿ. ಅದನ್ನು ಎಳೆದಾಗ ಗೇರ್ ಎಣ್ಣೆ ಸುರಿಯುತ್ತೆ, ಅಳೆದ ಎಣ್ಣೆಯ ಬಾಟಲಿ ಪಕ್ಕದಲ್ಲಿರಲಿ. ಮೂಲೆ ಬದಲಿಸಿದ ಮೇಲೆ ದಾರ ಕಟ್ಟಿ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ನೋಡದೆ ಕಳಿಸಬೇಡಿ.

ವ್ಯಾನ್‌ನಲ್ಲಿ: ಕಂಟ್ರೋಲ್ ಆರ್ಮ್, ಟೈ ರಾಡ್ ಎಂಡ್ ಪ್ರತಿ ಬದಿಗೆ ಎರಡು, ಗೇರ್‌ಬಾಕ್ಸ್, ಕ್ಲಚ್, ಆಲ್ಟರ್ನೇಟರ್, ಬೆಲ್ಟ್, ಇಗ್ನಿಷನ್ ಕಾಯಿಲ್, ಕ್ರ್ಯಾಂಕ್ ಸೆನ್ಸರ್, ಫ್ಯುಯೆಲ್ ಪಂಪ್, ಬ್ರೇಕ್ ಹೋಸ್. ಸೆನ್ಸರ್ ಅಂಗೈಯಷ್ಟೂ ಇಲ್ಲ ಅಂತ ಬಿಟ್ಟುಬರೋರು ಜಾಸ್ತಿ, ಕಾರು ನಿಲ್ಲಿಸೋಕೆ ಅದೊಂದೇ ಸಾಕು.

ನೋಟ್ಸ್_ಸೀಟು:
ಮೇಲಿನವರು ಬಿಟ್ಟ ಒಂದು ಭಾಗ. ಸರ್ವಿಸ್ ಪಾರ್ಕ್‌ನ ಹೊರಗೆ ಕಾರನ್ನು ಮುಟ್ಟಬಹುದಾದವರು ಒಳಗಿರುವ ಇಬ್ಬರೇ, ಅದೂ ಕಾರಿನಲ್ಲಿರುವ ಸಾಮಾನಿನಿಂದಲೇ. ಹಾಗಾಗಿ ಡ್ರೈವರ್, ಕೋ-ಡ್ರೈವರ್ ಇಬ್ಬರಿಗೂ ಬೆಲ್ಟ್ ಬದಲಿಸಲು, ಒಡೆದ ಹೋಸ್ ಮುಚ್ಚಲು, ಬಾಗಿದ ಆರ್ಮ್ ಬಿಚ್ಚಲು ಬರಬೇಕು. ಸ್ಪೇರ್ ಚಕ್ರ, ಜ್ಯಾಕ್, ಟೋ ಹಗ್ಗ, ಲಾಕ್ ವೈರ್, ಕೇಬಲ್ ಟೈ, ಮೆಟಲ್ ಪುಟ್ಟಿ, ಒಂದು ಲೀಟರ್ ಎಣ್ಣೆ: ಎಲ್ಲವೂ ಬಿಗಿದು ಕಟ್ಟಿರಬೇಕು. ಸಡಿಲ ಸ್ಪ್ಯಾನರ್ ಪೆಡಲ್ ಕೆಳಗೆ ಉರುಳಿದರೆ ಏನಾಗುತ್ತದೆ ಯೋಚಿಸಿ.

ಸಮಯದ ದಂಡ ಬಾಯಿಪಾಠ ಇರಲಿ. ಎಫ್‌ಐಎ ಪದ್ಧತಿಯಲ್ಲಿ ಟೈಮ್ ಕಂಟ್ರೋಲ್‌ಗೆ (ನಿಗದಿತ ಹೊತ್ತಿಗೆ ತಲುಪಬೇಕಾದ ಚೌಕಿ) ತಡವಾದ ಪ್ರತಿ ನಿಮಿಷಕ್ಕೆ 10 ಸೆಕೆಂಡ್, ಬೇಗ ಹೋದರೆ ಪ್ರತಿ ನಿಮಿಷಕ್ಕೆ ಪೂರ್ತಿ ಒಂದು ನಿಮಿಷ. ಅಂದರೆ ಸಡಿಲ ಬಾಲ್ ಜಾಯಿಂಟ್ ಕಂಡಾಗ ಎರಡು ನಿಮಿಷ ತಡವಾಗಿ ಹೊರಟು 20 ಸೆಕೆಂಡ್ ಕಳೆದುಕೊಳ್ಳುವುದೇ ಸರಿ. ಗಾಬರಿಯಲ್ಲಿ ಬೇಗ ಚೆಕ್-ಇನ್ ಮಾಡುವುದು ಎಲ್ಲಕ್ಕಿಂತ ದುಬಾರಿ.

ರೆಕ್ಕಿಯಲ್ಲಿ (ಸ್ಪರ್ಧೆಗೆ ಮುಂಚೆ ದಾರಿ ನೋಡುವ ಓಟ) ಸಾಮಾನ್ಯವಾಗಿ ಎರಡು ಸುತ್ತು ಸಿಗುತ್ತದೆ: ಮೊದಲನೆಯದರಲ್ಲಿ ಪೇಸ್ ನೋಟ್ (ತಿರುವುಗಳ ವಿವರ) ಬರೆಯುವುದು, ಎರಡನೆಯದರಲ್ಲಿ ತಿದ್ದುವುದು. ಅಳತೆ ಮಾಡಿದ ದೂರದ ಮೇಲೆ ಟ್ರಿಪ್‌ಮೀಟರ್ ಹೊಂದಿಸಿ. ಟೈರ್ ಅಳತೆ ಬದಲಾದರೆ ಮತ್ತೆ ಹೊಂದಿಸಬೇಕು. ಪೇಸ್ ನೋಟ್ ಯಾವ ಪದ್ಧತಿಯದಾದರೂ ಸರಿ, ಎರಡು ಸೀಸನ್ ಅದನ್ನು ಬದಲಿಸಬೇಡಿ. ಇವತ್ತಿನ "ಬಲ ನಾಲ್ಕು" ನಾಳೆಯೂ ಅದೇ ತಿರುವು ಆಗಿರಬೇಕು.

ಒಂದು ಪುಸ್ತಕ ಇಡಿ: ಯಾವ ಹಬ್, ಯಾವ ಶಾಫ್ಟ್, ಯಾವ ಡ್ಯಾಂಪರ್ ಎಷ್ಟು ಸ್ಟೇಜ್ ಕಿಮೀ ಓಡಿದೆ ಎಂದು. ಭಾಗದ ಮೇಲೆ ನಂಬರ್ ಕೊರೆಯಿರಿ. ಎರಡನೇ ಸೀಸನ್ ಹೊತ್ತಿಗೆ ಯಾವುದು ಎಷ್ಟಕ್ಕೆ ಮುರಿಯುತ್ತದೆ ಎಂದು ನಿಮ್ಮ ಕಾರೇ ಹೇಳುತ್ತದೆ.

ಜಲ್ಲಿದಾರಿ:
ಎಲ್ಲರಿಗೂ ಧನ್ಯವಾದ. ಎಂಜಿನ್ ಹಾಗೇ ಬಿಡುತ್ತೇವೆ. ಇನ್ನೊಂದು ಪ್ರಶ್ನೆ: ಸ್ಟೇಜ್ ಮಧ್ಯೆ ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ಆಳಕ್ಕೆ ಹೋದರೆ ಅದು ಫ್ಲುಯಿಡ್ ಕುದಿದದ್ದೋ, ಬೇರೆ ಏನಾದರೂನೋ, ಸರ್ವಿಸ್‌ಗೆ ಬರುವ ಮೊದಲೇ ಗೊತ್ತಾಗುತ್ತದಾ?

ಸರ್ವಿಸ್_ಟೆಂಟು:
ಗೊತ್ತಾಗುತ್ತೆ. ಎರಡನೇ ಸಲ ಒತ್ತಿ ನೋಡಿ. ಮೊದಲ ಒತ್ತಿಗೆ ಆಳಕ್ಕೆ ಹೋಗಿ ಎರಡನೆಯದಕ್ಕೆ ಕಲ್ಲಿನಂತೆ ಗಟ್ಟಿಯಾದರೆ ಅದು ಹಬ್ ಬೇರಿಂಗ್. ಬೇರಿಂಗ್ ಸಡಿಲವಾದಾಗ ಗುಂಡಿಯಲ್ಲಿ ಡಿಸ್ಕ್ ಅಲುಗಾಡಿ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳಿರುತ್ತೆ. ಮೂಲೆ ಬದಲಿಸಿ, ಬ್ಲೀಡ್ ಮಾಡುತ್ತಾ (ಬ್ರೇಕ್ ಪೈಪಿನ ಗಾಳಿ ತೆಗೆಯುತ್ತಾ) ಕೂತರೆ ಸಮಯ ವ್ಯರ್ಥ. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಫ್ಲುಯಿಡ್ ಕುದಿದಿದೆ. ಡಾಟ್ 4 ಹೊಸದಾಗಿದ್ದಾಗ ಕುದಿಬಿಂದು ಕನಿಷ್ಠ 230 ಡಿಗ್ರಿ, ನೀರು ಹೀರಿಕೊಂಡ ಮೇಲಿನ ಕನಿಷ್ಠ ಮಟ್ಟ 155. ಅದಕ್ಕೇ ತೆರೆದ ಡಬ್ಬಿಯನ್ನು ಮುಂದಿನ ರ‍್ಯಾಲಿಗೆ ಉಳಿಸಬೇಡಿ, ಪ್ರತಿ ರ‍್ಯಾಲಿಗೆ ಮುಂಚೆ ಹೊಸ ಫ್ಲುಯಿಡ್ ಹಾಕಿ.