ಉಪ್ಪಿಗೆ ‘ಅಣು’ ಅನ್ನಬಹುದೇ?

ಗೆಳೆಯರೇ, ಹತ್ತನೇ ತರಗತಿಯ ಮಕ್ಕಳಿಗಾಗಿ ರಸಾಯನಶಾಸ್ತ್ರದ ಟಿಪ್ಪಣಿ ಬರೆಯುತ್ತಿದ್ದೇನೆ. ಅಯಾನಿಕ ಬಂಧದ ಹತ್ತಿರ ಬಂದು ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ. ಬಲ್ಲವರು ದಾರಿ ತೋರಿಸಿ.

ಪಾಠದ ಚಿತ್ರ ಎಲ್ಲರಿಗೂ ಗೊತ್ತಿರುವುದೇ. ಲೋಹವಾದ ಸೋಡಿಯಂನ ಹೊರಕವಚದಲ್ಲಿ ಒಂದು ಎಲೆಕ್ಟ್ರಾನ್, ಅಲೋಹವಾದ ಕ್ಲೋರಿನ್‌ನಲ್ಲಿ ಏಳು. ಆ ಒಂದು ಇತ್ತ ದಾಟಿದರೆ ಸೋಡಿಯಂ ಧನ ಅಯಾನು, ಕ್ಲೋರಿನ್ ಋಣ ಅಯಾನು (ಅಯಾನು ಅಂದರೆ ವಿದ್ಯುದಾವೇಶ ಹೊತ್ತ ಪರಮಾಣು). ಎರಡರ ನಡುವಿನ ಸೆಳೆತವೇ ಬಂಧ. ಇಲ್ಲಿವರೆಗೆ ತಕರಾರಿಲ್ಲ. ಆಮೇಲೆ ‘ಹೀಗೆ ಸೋಡಿಯಂ ಕ್ಲೋರೈಡ್‌ನ (ಅಡುಗೆ ಉಪ್ಪಿನ) ಒಂದು ಅಣು ಉಂಟಾಗುತ್ತದೆ’ ಎಂದು ಸಲೀಸಾಗಿ ಬರೆದುಬಿಡುತ್ತೇವೆ, ಅಲ್ವಾ? ನನ್ನ ಪ್ರಶ್ನೆ ಇರುವುದು ಅಲ್ಲೇ.

ನೀರಿಗೆ ಅಣು ಇದೆ. ಈ ಆಕ್ಸಿಜನ್‌ಗೆ ಈ ಎರಡು ಹೈಡ್ರೋಜನ್ ಎಂದು ಬೆರಳಿಟ್ಟು ತೋರಿಸಬಹುದು. ಉಪ್ಪಿನಲ್ಲಿ ಹಾಗೆ ತೋರಿಸಲು ಆಗುವುದಿಲ್ಲ. ಹರಳಿನೊಳಗೆ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ. ಪ್ರತಿ ಕ್ಲೋರೈಡ್‌ನ ಸುತ್ತಲೂ ಹಾಗೇ ಆರು ಸೋಡಿಯಂ. ಆರೂ ಅಷ್ಟೇ ದೂರದಲ್ಲಿ, ಆರಕ್ಕೂ ಅಷ್ಟೇ ಸೆಳೆತ. ಯಾರ ಎಲೆಕ್ಟ್ರಾನ್ ಯಾರಿಗೆ ಹೋಯಿತು ಎಂಬ ಲೆಕ್ಕ ಅಲ್ಲಿ ಉಳಿಯುವುದೇ ಇಲ್ಲ. ಅಡುಗೆಮನೆಯ ಕಲ್ಲುಪ್ಪನ್ನು ಭೂತಗನ್ನಡಿ ಹಿಡಿದು ನೋಡಿ. ಅಂಚು ನೇರ, ಮೂಲೆ ಚೌಕ. ಒಂದು ದೊಡ್ಡ ಹರಳನ್ನು ಮೆಲ್ಲಗೆ ಕುಟ್ಟಿದರೆ ಚೂರುಗಳೂ ಹೆಚ್ಚುಕಮ್ಮಿ ಹಾಗೇ ಬೀಳುತ್ತವೆ. ಅದನ್ನು ಬರೀ ಕಾಯಿಸಿ ದ್ರವ ಮಾಡಬೇಕೆಂದರೆ 801 ಡಿಗ್ರಿ ಸೆಲ್ಸಿಯಸ್ ಬೇಕು. ಎಲ್ಲ ಕಡೆಯ ಹಿಡಿತವನ್ನೂ ಸಡಿಲಿಸಬೇಕಲ್ಲ.

ಅಣುವನ್ನು ಕೈಬಿಡುವುದು ರಸಾಯನಶಾಸ್ತ್ರಜ್ಞರಿಗೂ ಸುಲಭವಾಗಿರಲಿಲ್ಲ. 1913ರಲ್ಲಿ ಭೌತವಿಜ್ಞಾನಿ ಬ್ರಾಗ್ ಎಕ್ಸ್-ಕಿರಣಗಳಿಂದ ಉಪ್ಪಿನ ಒಳಜೋಡಣೆಯನ್ನು ತೋರಿಸಿದ್ದರು. 1927ರಲ್ಲೂ ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನಶಾಸ್ತ್ರಜ್ಞ ‘ನೇಚರ್’ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದ. ಉಪ್ಪಿನಲ್ಲಿ ಅಣುವೇ ಇಲ್ಲವಂತೆ, ಚದುರಂಗದ ಮಣೆಯಂತೆ ಅಯಾನುಗಳಿವೆಯಂತೆ, ಇದೆಂಥ ಮಾತು ಅನ್ನುವುದು ಅವನ ಗೊಣಗು. ಪಾಪದ ಉಪ್ಪು ಎಂದು ಅದಕ್ಕೆ ತಲೆಬರಹ ಬೇರೆ! ಹಾಗಾಗಿ ಹದಿನೈದರ ಹುಡುಗರು ಅಣು ಅಂದರೆ ಬೈಯಲು ನನಗೆ ಮನಸ್ಸಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಅಣುಬಾಂಬ್, ಕೈಗಾ ಅಣುಸ್ಥಾವರ ಅನ್ನುವಾಗ ನಮ್ಮ ‘ಅಣು’ ನಿಜವಾಗಿ ಪರಮಾಣು. ಶಾಲೆಯಲ್ಲಿ ಮಾತ್ರ ಅದು ಪರಮಾಣುಗಳು ಕೂಡಿ ಆದದ್ದು. ಬೆಳಗ್ಗೆ ಪೇಪರಿನಲ್ಲಿ ಒಂದರ್ಥ, ತರಗತಿಯಲ್ಲಿ ಇನ್ನೊಂದು. ಉಪ್ಪಿಗೂ ಅದೇ ಪದ ಅಂದರೆ ಅದರ ಮೇಲೆ ಹೊರೆ ಜಾಸ್ತಿಯಾಯಿತು.

ಹಾಗಾದರೆ ಏನನ್ನಬೇಕು? ‘ಸೂತ್ರ ಘಟಕ’ ಅನ್ನಬಹುದು, ಅಂದರೆ ರಾಸಾಯನಿಕ ಸೂತ್ರ ಹೇಳುವಷ್ಟು ಅಯಾನುಗಳ ಲೆಕ್ಕ. ಆದರೆ ಘಟಕ ಅಂದರೆ ನನಗೆ ಕಾರ್ಖಾನೆಯೇ ಕಣ್ಣಮುಂದೆ ಬರುತ್ತದೆ. ಅದೂ ಅಲ್ಲದೆ, ಒಳಗೆ ಬಿಡಿಬಿಡಿ ತುಂಡುಗಳಿವೆ ಅನ್ನಿಸುತ್ತದೆ. ‘ಜೋಡಿ’ ಕಿವಿಗೆ ಹಿತ. ಆದರೆ ಮೆಗ್ನೀಸಿಯಂ ಕ್ಲೋರೈಡ್‌ನಲ್ಲಿ ಒಂದಕ್ಕೆ ಎರಡು, ಅಲ್ಲಿ ಜೋಡಿ ಕೂಡುವುದಿಲ್ಲ. ಉಪ್ಪು ಆವಿಯಾದಾಗ ಜೋಡಿಗಳು ನಿಜಕ್ಕೂ ಇರುತ್ತವೆ, ಅಲ್ಲಿ ಅಣು ಅಂದರೂ ತಪ್ಪಲ್ಲ. ನಮ್ಮ ಪಾಠ ಹರಳಿನದು.

ಸದ್ಯಕ್ಕೆ ‘ಹರಳಿನಲ್ಲಿ ಒಂದು ಸೋಡಿಯಂಗೆ ಒಂದು ಕ್ಲೋರೈಡ್‌ನ ಲೆಕ್ಕ’ ಎಂದು ಬಿಡಿಸಿ ಬರೆದಿದ್ದೇನೆ. ಓದಲು ಸರಾಗ, ಅರ್ಥವೂ ಕೆಡದು. ಮೋಲ್ ಲೆಕ್ಕ (ಕಣಗಳನ್ನು ತೂಕದಿಂದ ಎಣಿಸುವ ಲೆಕ್ಕ) ಬಂದಾಗ ಮಾತ್ರ ಇದು ಸಾಲುವುದಿಲ್ಲ. ಸೋಡಿಯಂ, ಕ್ಲೋರಿನ್‌ಗಳ ಪರಮಾಣುರಾಶಿ ಕೂಡಿದರೆ ಬರುವ 58.5ಕ್ಕೆ ಉಪ್ಪಿನ ‘ಅಣುರಾಶಿ’ ಅನ್ನುವುದು ರೂಢಿ. ಅಣುವೇ ಇಲ್ಲದ ಮೇಲೆ ಅಣುರಾಶಿ ಎಲ್ಲಿಂದ ಬಂತು? ‘ಸೂತ್ರರಾಶಿ’ ಅಂದರೆ ಮಕ್ಕಳಿಗೆ ಹತ್ತುತ್ತದೆಯೇ? ಪಾಠ ಮಾಡುವವರು ತರಗತಿಯಲ್ಲಿ ಬಾಯಿಮಾತಿನಲ್ಲಿ ಏನನ್ನುತ್ತೀರಿ, ಅದನ್ನೂ ತಿಳಿಸಿ.